ಎಲ್ರಿಗೂ ಸ್ವಾಹಿಲಿ ಬರೋ ತಾಂಜಾನಿಯಾದಲ್ಲಿ ಹೈಸ್ಕೂಲು ಯಾಕೆ ಇಂಗ್ಲಿಷಲ್ಲಿ?

ಮುಖ್ಯ ಕಾರಣ ಒಳ್ಳೆ ಕೆಲಸ, ಯೂನಿವರ್ಸಿಟಿ ಎರಡೂ ಇಂಗ್ಲಿಷ್ ಕಡೆ ಇರೋದು. ಅಲ್ಲಿ ಸರ್ಕಾರಿ ಪ್ರೈಮರಿ ಶಾಲೆ ಸ್ವಾಹಿಲಿ ಮೀಡಿಯಂ, 1967ರಲ್ಲಿ ಮೊದಲ ಅಧ್ಯಕ್ಷ ನ್ಯೆರೆರೆ ಕಾಲದಲ್ಲೇ ಹಾಗೆ ಮಾಡಿದ್ರು, ಇಂಗ್ಲಿಷ್ ಬರೀ ಒಂದು ಸಬ್ಜೆಕ್ಟು, ಆದ್ರೆ ಸೆಕೆಂಡರಿಗೆ ಕಾಲಿಟ್ಟ ತಕ್ಷಣ ಬಯಾಲಜಿ, ಗಣಿತ ಹೀಗೆ ಹೆಚ್ಚಿನ ಸಬ್ಜೆಕ್ಟೆಲ್ಲಾ ಇಂಗ್ಲಿಷಲ್ಲಿ. ಮಕ್ಕಳು ಕಕ್ಕಾಬಿಕ್ಕಿ. ಎಷ್ಟೋ ಕಡೆ ಮೇಷ್ಟ್ರು ಬೋರ್ಡ್ ಮೇಲೆ ಇಂಗ್ಲಿಷಲ್ಲಿ ಬರೆದು ಸ್ವಾಹಿಲಿಯಲ್ಲಿ ಬಿಡಿಸಿ ಹೇಳ್ತಾರೆ, ಸ್ವಾಹಿಲಿಯಂಥ ಕೆಲವು ಪೇಪರ್ ಬಿಟ್ರೆ ಪರೀಕ್ಷೆ ಮಾತ್ರ ಇಂಗ್ಲಿಷಲ್ಲೇ ಬರೀಬೇಕು, ಹಂಗಾಗಿ ಬಾಯಿಪಾಠವೇ ಗತಿ.

ಇದನ್ನ ಬದಲಾಯಿಸಿ ಅಂತ 1982ರಲ್ಲೇ ಅಧ್ಯಕ್ಷರು ನೇಮಿಸಿದ್ದ ಆಯೋಗ ಹೇಳಿತ್ತು, ಸರ್ಕಾರ ಒಪ್ಪಲಿಲ್ಲ. ಅಪ್ಪ ಅಮ್ಮಂದಿರೂ ಇಂಗ್ಲಿಷೇ ಬೇಕು ಅಂತಾರೆ, ಅವರನ್ನ ಬೈಯೋಕೂ ಆಗಲ್ಲ ಬಿಡಿ, ದುಡ್ಡಿದ್ದೋರ ಮಕ್ಕಳು ಪ್ರೈವೇಟ್ ಇಂಗ್ಲಿಷ್ ಮೀಡಿಯಂಗೆ ಹೋಗ್ತಿರೋವಾಗ ಇವರ ಮಕ್ಕಳು ಮಾತ್ರ ಯಾಕೆ ಹಿಂದೆ ಬೀಳಬೇಕು?

ಆದ್ರೆ ಇಂಗ್ಲಿಷ್ ಕಲಿಯೋಕೆ ಎಲ್ಲಾ ಪಾಠನೂ ಇಂಗ್ಲಿಷಲ್ಲೇ ಇರ್ಬೇಕು ಅನ್ನೋ ವಾದ ನಂಗೆ ಒಪ್ಪಿಗೆ ಇಲ್ಲ. ನೈಜೀರಿಯಾದ ಇಫೆಯಲ್ಲಿ 1970ರಿಂದ ಪ್ರೊಫೆಸರ್ ಬಾಬ್ಸ್ ಫಾಫುನ್ವಾ ನಡೆಸಿದ ಪ್ರಯೋಗದಲ್ಲಿ ಆರು ವರ್ಷ ತಮ್ಮ ಮನೆಮಾತು ಯೊರುಬಾದಲ್ಲಿ ಓದಿದ ಮಕ್ಕಳು ಬೇರೆ ಸಬ್ಜೆಕ್ಟಲ್ಲಿ ಮುಂದಿದ್ರು, ಇಂಗ್ಲಿಷಲ್ಲೂ ಹಿಂದೆ ಬೀಳಲಿಲ್ಲ.

ರಿಸರ್ಚ್ ಕಥೆ ಬೇರೆ, ಹೊರದೇಶದೋರು ಓದ್ಬೇಕು, ಪ್ರಮೋಷನ್ ಸಿಗ್ಬೇಕು ಅಂದ್ರೆ ಇಂಗ್ಲಿಷ್ ಜರ್ನಲ್ಲೇ ಆಗ್ಬೇಕು. ಹಾಗಂತ ಸ್ವಾಹಿಲಿಯಲ್ಲಿ ಉನ್ನತ ಶಿಕ್ಷಣ ಆಗೋದೇ ಇಲ್ಲ ಅನ್ಬೇಡಿ, ದಾರ್ ಎಸ್ ಸಲಾಮ್ ಯೂನಿವರ್ಸಿಟಿಯ ಸ್ವಾಹಿಲಿ ವಿಭಾಗದಲ್ಲಿ ಲಿಂಗ್ವಿಸ್ಟಿಕ್ಸನ್ನೂ (ಭಾಷಾಶಾಸ್ತ್ರ) ಸ್ವಾಹಿಲಿಯಲ್ಲೇ ಪಾಠ ಮಾಡ್ತಾರೆ.