ಓದುಗರ ಪ್ರಶ್ನೆ: ಕ್ಯಾಲೆ ತಂಡ ಎಲ್ಲಿ ಹೋಯಿತು?

ಪ್ರಶ್ನೆ: ಫ್ರಾನ್ಸಿನ ನಾಲ್ಕನೇ ದರ್ಜೆಯ ಫುಟ್ಬಾಲ್ ತಂಡವೊಂದು ಆ ದೇಶದ ಕಪ್ ಫೈನಲ್‌ವರೆಗೂ ಹೋಗಿತ್ತಂತೆ. ಆಟಗಾರರೆಲ್ಲ ಹಗಲು ಬೇರೆ ಕೆಲಸ ಮಾಡುವವರಂತೆ. ಇದು ನಿಜವಾ, ಸುಮ್ನೆ ಕಟ್ಟಿದ ಕಥೆಯಾ?

ಉತ್ತರ: ನೂರಕ್ಕೆ ನೂರು ನಿಜ. ತಂಡದ ಹೆಸರು ಕ್ಯಾಲೆ. ಫ್ರಾನ್ಸಿನ ಉತ್ತರ ತುದಿಯ ಬಂದರು ಊರು ಅದು. ಆಚೆ ದಡದಲ್ಲಿ ಇಂಗ್ಲೆಂಡಿನ ಡೋವರ್, ನಡುವೆ ಸುಮಾರು ನಲವತ್ತು ಕಿಲೋಮೀಟರ್ ಸಮುದ್ರ. ಹಡಗು ಹತ್ತುವವರಿಗೆ, ಸುರಂಗದ ರೈಲು ಹಿಡಿಯುವವರಿಗೆ ದಾಟಿ ಹೋಗುವ ಊರು, ಅಷ್ಟೇ. ಫುಟ್ಬಾಲ್ ಅಂದರೆ ಯಾರಿಗೂ ಆ ಹೆಸರು ನೆನಪಾಗುತ್ತಿರಲಿಲ್ಲ. ಕ್ಲಬ್ ಮಾತ್ರ ಹಳೆಯದು, ಬೇರು 1902ಕ್ಕೆ ಹೋಗುತ್ತದೆ. 1930ರ ದಶಕದಲ್ಲಿ ಕೆಲವು ವರ್ಷ ಎರಡನೇ ದರ್ಜೆಯಲ್ಲೂ ಆಡಿತ್ತು. ಆಮೇಲೆ ಕೆಳಗಿನ ದರ್ಜೆಗಳಲ್ಲೇ ಉಳಿಯಿತು.

2000ನೇ ಇಸವಿಗೆ ಬರೋಣ. ಆಗ ಕ್ಯಾಲೆ ನಾಲ್ಕನೇ ದರ್ಜೆಯಲ್ಲಿತ್ತು. ಬಂದರಿನ ಕೂಲಿಗಳು, ಮೇಷ್ಟ್ರುಗಳು, ಆಫೀಸಿನ ಗುಮಾಸ್ತರು, ಅಂಗಡಿಯಲ್ಲಿ ಕೆಲಸ ಮಾಡುವವರು, ಇಂಥವರೇ ಸೇರಿದ ತಂಡ. ಕೋಚ್ ಲಾಡಿಸ್ಲಾಸ್ ಲೊಜಾನೊ. ಮೊದಲು ಲಿಲ್ ತಂಡವನ್ನು ಪೆನಾಲ್ಟಿಯಲ್ಲಿ 7-6ರಿಂದ ಹೊರಗೆ ಹಾಕಿದರು. ಲಿಲ್ ಆ ವರ್ಷ ಎರಡನೇ ದರ್ಜೆಯಲ್ಲಿ ಮೊದಲ ಸ್ಥಾನ ಪಡೆದು ಮೇಲಕ್ಕೆ ಹೋದ ತಂಡ ಅನ್ನೋದು ನೆನಪಿರಲಿ. ಆಮೇಲೆ ಕಾನ್ ತಂಡವನ್ನೂ ಪೆನಾಲ್ಟಿಯಲ್ಲೇ ಸೋಲಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಮೊದಲ ದರ್ಜೆಯ ಸ್ಟ್ರಾಸ್‌ಬರ್ಗ್ 2-1ಕ್ಕೆ ಬಿತ್ತು.

ಸೆಮಿಫೈನಲ್‌ನಲ್ಲಿ ಎದುರಾದದ್ದು ಬೋರ್ಡೊ. ಹಿಂದಿನ ವರ್ಷವಷ್ಟೇ ಫ್ರಾನ್ಸಿನ ಚಾಂಪಿಯನ್ ಆಗಿದ್ದ ತಂಡ! ಕ್ಯಾಲೆಯ ಸ್ವಂತ ಮೈದಾನ ಅಂಥ ಪಂದ್ಯಕ್ಕೆ ಸಾಲದೆ ಲಾನ್ಸ್ ಊರಿನ ದೊಡ್ಡ ಮೈದಾನದಲ್ಲಿ ಆಡಿಸಿದರು. 90 ನಿಮಿಷ ಎರಡೂ ಕಡೆ ಗೋಲೇ ಇಲ್ಲ. ಹೆಚ್ಚುವರಿ ಸಮಯದಲ್ಲಿ ಕ್ಯಾಲೆ ಗೋಲು ಹೊಡೆಯಿತು, ಬೋರ್ಡೊ ಸಮ ಮಾಡಿತು. ಅಲ್ಲಿಗೆ ಮುಗಿಯಿತು ಅನ್ನಬೇಕು, ಯಾಕಂದ್ರೆ ಹಗಲೆಲ್ಲ ದುಡಿದು ಸಂಜೆ ಅಭ್ಯಾಸ ಮಾಡುವವರ ಕಾಲು ಅಷ್ಟೊತ್ತಿಗೆ ಸೋತಿರಬೇಕು ಅಲ್ವಾ? ಇಲ್ಲ. ಮತ್ತೆ ಎರಡು ಗೋಲು ಹೊಡೆದರು. 3-1. ಫೈನಲ್‌ಗಿಂತ ನನಗೆ ಈ ಪಂದ್ಯವೇ ದೊಡ್ಡದು.

ಪ್ರಶ್ನೆ: ಹಾಗಾದ್ರೆ ಫೈನಲ್‌ನಲ್ಲಿ ಏನಾಯಿತು? ಕಪ್ ಗೆದ್ದರಾ?

ಉತ್ತರ: ಗೆಲ್ಲಲಿಲ್ಲ. ಆದರೆ ಕಪ್ ಎತ್ತಿದರು. ಹೇಗೆ ಅಂತ ಹೇಳ್ತೀನಿ.

2000ದ ಮೇ 7, ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್. ಕ್ಯಾಲೆ ಊರಿನ ಜನಸಂಖ್ಯೆ ಆಗ ಸುಮಾರು 77 ಸಾವಿರ. ಅವತ್ತು ಆ ಒಂದು ಮೈದಾನದಲ್ಲೇ ಹೆಚ್ಚೂಕಡಿಮೆ ಅಷ್ಟು ಜನ ಕೂತಿದ್ದರು. ಎದುರಾಳಿ ನಾಂತ್, ಹಿಂದಿನ ವರ್ಷ ಇದೇ ಕಪ್ ಗೆದ್ದವರು. 34ನೇ ನಿಮಿಷದಲ್ಲಿ ಜೆರೋಮ್ ಡುಟಿಟ್ರ್ ಗೋಲು ಹೊಡೆದ. ಮಧ್ಯಂತರಕ್ಕೆ ಕ್ಯಾಲೆ 1-0 ಮುಂದೆ! ವಿರಾಮ ಮುಗಿದು ಐದು ನಿಮಿಷಕ್ಕೆ ನಾಂತ್‌ನ ಆಂಟೋನಿ ಸಿಬಿಯರ್ಸ್ಕಿ ಸಮ ಮಾಡಿದ. ಕೊನೆಯ ನಿಮಿಷದಲ್ಲಿ ನಾಂತ್‌ಗೆ ಪೆನಾಲ್ಟಿ ಸಿಕ್ಕಿತು. ಆ ಪೆನಾಲ್ಟಿ ಸರಿಯಾ ತಪ್ಪಾ ಅಂತ ಆಮೇಲೆ ವರ್ಷಗಟ್ಟಲೆ ವಾದ ನಡೆದಿದೆ. ಕೊಡಬಾರದಿತ್ತು ಅನ್ನುವವರ ಕಡೆ ನಾನು. ಸಿಬಿಯರ್ಸ್ಕಿಯೇ ಹೊಡೆದ, 2-1.

ನಾಂತ್ ನಾಯಕ ಗೋಲ್‌ಕೀಪರ್ ಮಿಕೇಲ್ ಲ್ಯಾಂಡ್ರೊ. ಅವನಿಗಿನ್ನೂ 21 ತುಂಬಿರಲಿಲ್ಲ. ಕಪ್ ಕೈಗೆ ಬಂದಾಗ ಅವನು ಒಬ್ಬನೇ ಎತ್ತಲಿಲ್ಲ. ಕ್ಯಾಲೆ ನಾಯಕ ರೆಜಿನಾಲ್ಡ್ ಬೆಕ್‌ನನ್ನು ಪಕ್ಕಕ್ಕೆ ಕರೆದುಕೊಂಡ. ಒಂದು ಹಿಡಿ ಇವನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ, ಇಬ್ಬರೂ ಸೇರಿ ಮೇಲೆತ್ತಿದರು. ಗೆದ್ದ ಖುಷಿಯಲ್ಲಿ ಆ ವಯಸ್ಸಿನ ಹುಡುಗನಿಗೆ ಅದು ಹೊಳೆಯಿತಲ್ಲ, ಅದಕ್ಕೇ ಲ್ಯಾಂಡ್ರೊ ಅಂದರೆ ನನಗೆ ಇವತ್ತಿಗೂ ಗೌರವ.

ಪ್ರಶ್ನೆ: ಇಷ್ಟು ಸಣ್ಣ ತಂಡಕ್ಕೆ ಅಲ್ಲಿವರೆಗೆ ಹೋಗಲು ದಾರಿಯಾದರೂ ಹೇಗಿರುತ್ತದೆ?

ಉತ್ತರ: ಫ್ರೆಂಚ್ ಕಪ್ ಶುರುವಾದದ್ದು 1917ರಲ್ಲಿ, ಮೊದಲನೇ ಮಹಾಯುದ್ಧದ ನಡುವೆ. ಯುದ್ಧದಲ್ಲಿ ಸತ್ತ ಚಾರ್ಲ್ಸ್ ಸಿಮೊನ್ ಎಂಬ ಫುಟ್ಬಾಲ್ ಸಂಘಟಕರ ನೆನಪಿಗೆ ಇಟ್ಟ ಕಪ್ ಅದು. ಹಳ್ಳಿ ಕ್ಲಬ್ಬೂ ಸೇರಬಹುದು, ಸಾವಿರಾರು ತಂಡ ಸೇರುತ್ತವೆ. ದೊಡ್ಡ ತಂಡಗಳು ತಡವಾಗಿ, ಚಳಿಗಾಲದ ಹೊತ್ತಿಗೆ ಬರುತ್ತವೆ. ಆಮೇಲೆ ಯಾರಿಗೆ ಯಾರು ಅನ್ನೋದು ಚೀಟಿ ಎತ್ತಿದ ಹಾಗೆ. ಒಂದೇ ಪಂದ್ಯ, ಸೋತವರು ಮನೆಗೆ. ಲೀಗಿನಲ್ಲಿ ಹತ್ತು ತಿಂಗಳು ಗೆಲ್ಲಲು ಹಣ ಬೇಕು, ಒಂದು ಸಂಜೆ ಗೆಲ್ಲಲು ಧೈರ್ಯ ಇದ್ದರೆ ಒಮ್ಮೊಮ್ಮೆ ಸಾಕಾಗುತ್ತದೆ.

ಪ್ರಶ್ನೆ: ಕ್ಯಾಲೆ ಈಗ ಯಾವ ದರ್ಜೆಯಲ್ಲಿದೆ? ಎಷ್ಟು ಹುಡುಕಿದರೂ ಸಿಗಲಿಲ್ಲ.

ಉತ್ತರ: ಸಿಗುವುದಿಲ್ಲ. ಆ ಕ್ಲಬ್ ಇಲ್ಲ. ಇದನ್ನು ಬರೆಯುವಾಗ ಬೇಜಾರಾಗುತ್ತದೆ.

2006ರಲ್ಲಿ ಇನ್ನೊಮ್ಮೆ ಕಪ್‌ನ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು. ಅಲ್ಲೂ ಸೋಲಿಸಿದ್ದು ಅದೇ ನಾಂತ್, 1-0. 2008ರಲ್ಲಿ ಊರಿಗೆ ಹೊಸ ಮೈದಾನ ಬಂತು, ಸುಮಾರು 12 ಸಾವಿರ ಜನ ಕೂರುವಂಥದ್ದು. ಹೆಸರು ಸ್ಟಾಡ್ ದ ಲೆಪೊಪೆ, ಅಂದರೆ ವೀರಗಾಥೆಯ ಮೈದಾನ. 2000ದ ಆ ಓಟದ ನೆನಪಿಗೇ ಇಟ್ಟ ಹೆಸರು. ಆದರೆ ಕ್ಲಬ್ಬಿನ ಲೆಕ್ಕ ಸರಿಹೋಗಲಿಲ್ಲ, ಸಾಲ ಏರಿತು. ಫ್ರಾನ್ಸಿನಲ್ಲಿ ಕ್ಲಬ್‌ಗಳ ಲೆಕ್ಕಪತ್ರ ನೋಡಲು ಒಂದು ಸಮಿತಿಯೇ ಇದೆ. ಹಣಕಾಸು ಸರಿ ಇಲ್ಲದಿದ್ದರೆ ಮೈದಾನದಲ್ಲಿ ಗೆದ್ದರೂ ಕೆಳಗಿನ ದರ್ಜೆಗೆ ತಳ್ಳುತ್ತದೆ. ಕ್ಯಾಲೆಗೂ ಆ ಏಟು ಬಿತ್ತು. ಕೊನೆಗೆ 2017ರಲ್ಲಿ ಕೋರ್ಟು ಕ್ಲಬ್ಬನ್ನು ಮುಚ್ಚಿಸಿತು.

ಕೋಟಿಗಟ್ಟಲೆ ಬೆಲೆಯ ತಂಡಗಳ ಎದುರು ಅಲುಗದ ಕ್ಲಬ್ ಸಾಲದ ಎದುರು ನಿಲ್ಲಲಿಲ್ಲ. ಒಂದು ಫೈನಲ್‌ನಿಂದ ಬರುವ ಹಣ ಬೇಗ ಖರ್ಚಾಗುತ್ತದೆ. ಆದರೆ ಜನರ ಆಸೆ ಒಮ್ಮೆ ಏರಿದರೆ ಇಳಿಯುವುದಿಲ್ಲ, ಆ ಆಸೆಗೆ ತಕ್ಕ ಖರ್ಚೂ ಇಳಿಯುವುದಿಲ್ಲ. ಸಣ್ಣ ಕ್ಲಬ್‌ಗಳು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಕ್ಯಾಲೆ ಆದಮೇಲೆ ಬೇರೆ ಸಣ್ಣ ತಂಡ ಫೈನಲ್ ಮುಟ್ಟಿದೆಯಾ?

ಉತ್ತರ: ಮುಟ್ಟಿವೆ. 2012ರಲ್ಲಿ ಕೆವಿಯಿ, 2018ರಲ್ಲಿ ಲೆಜೆರ್ಬಿಯೆ. ಎರಡೂ ಮೂರನೇ ದರ್ಜೆಯವು. ಕೆವಿಯಿ ಲಿಯೋನ್ ಎದುರು 1-0ಯಿಂದ ಸೋತಿತು. ಲೆಜೆರ್ಬಿಯೆಯನ್ನು ಪ್ಯಾರಿಸ್ ಸೇಂಟ್ ಜರ್ಮೇನ್ 2-0ಯಿಂದ ಸೋಲಿಸಿತು, ಅದೇ ವಾರ ಲೆಜೆರ್ಬಿಯೆ ಲೀಗಿನಲ್ಲಿ ನಾಲ್ಕನೇ ದರ್ಜೆಗೂ ಇಳಿಯಿತು. ಆ ಫೈನಲ್ ರಾತ್ರಿ ಪ್ಯಾರಿಸ್ ನಾಯಕ ಥಿಯಾಗೊ ಸಿಲ್ವಾ ಎದುರಾಳಿ ನಾಯಕನನ್ನು ಕರೆದು, ಕಪ್ಪನ್ನು ಅವನ ಜೊತೆಯಲ್ಲೇ ಎತ್ತಿದ.