ದುಡ್ಡು ಕೊಟ್ಟು ತಂದ ಸರ್ವರಿನ ರಿಮೋಟ್ ಕನ್ಸೋಲಿಗೆ ಮತ್ತೆ ಪರವಾನಗಿ ಶುಲ್ಕ ಕೊಡಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಚೇರಿಗೆ ಹೊಸ ಸರ್ವರ್ ತರಿಸಿದ್ದೀರಿ, ಪೂರ್ತಿ ಹಣ ಸಲ್ಲಿಸಿದ್ದೀರಿ. ದೂರದಲ್ಲಿ ಕುಳಿತು ಅದರ ಪರದೆ ನೋಡುವ ರಿಮೋಟ್ ಕನ್ಸೋಲ್ ಶುರುವಿನಲ್ಲಿ ಸರಿಯಾಗಿ ಕಾಣಿಸುತ್ತದೆ. ಆಪರೇಟಿಂಗ್ ಸಿಸ್ಟಂ ಏಳುವ ಹೊತ್ತಿಗೆ ಪರವಾನಗಿ ಬೇಕೆಂದು ಹೇಳಿ ಮುಚ್ಚಿಕೊಳ್ಳುತ್ತದೆ. ಮನೆ ಕೊಂಡ ಮೇಲೆ ಒಂದು ಕೋಣೆಯ ಬೀಗದ ಕೈಗೆ ಮತ್ತೆ ದುಡ್ಡು ಕೇಳಿದಂತಾಯಿತಲ್ಲ, ಕೊಡಬೇಕೇ ಎಂದು ಕೇಳಿದ್ದೀರಿ.

ಬೆಂಗಳೂರಿನಲ್ಲಿ ಸಣ್ಣ ಕಂಪನಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಕೊಡಿ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ: ಪರವಾನಗಿ ಶಾಶ್ವತವಾಗಿರಬೇಕು ಮತ್ತು ಆ ಯಂತ್ರದ ಜೊತೆಗೇ ಉಳಿಯಬೇಕು. ವರ್ಷ ವರ್ಷ ನವೀಕರಿಸಬೇಕಾದ ಪರವಾನಗಿಯಾದರೆ ಬೇಡ.

ಮೊದಲು, ಒಳಗೆ ಏನಾಗುತ್ತಿದೆ ಎಂದು ಹೇಳುತ್ತೇನೆ. ಸರ್ವರಿನ ಮದರ್‌ಬೋರ್ಡಿನ ಮೇಲೆ ಬಿಎಂಸಿ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರೇ ಇರುತ್ತದೆ. ಡೆಲ್‌ನವರು ಅದನ್ನು ಐಡ್ರ್ಯಾಕ್ ಎನ್ನುತ್ತಾರೆ, ಎಚ್‌ಪಿಇಯವರು ಐಎಲ್‌ಒ ಎನ್ನುತ್ತಾರೆ. ಸರ್ವರನ್ನು ಆರಿಸಿದ್ದರೂ ಕರೆಂಟ್ ಇರುವವರೆಗೆ ಅದು ಎಚ್ಚರವಾಗಿರುತ್ತದೆ. ಪರದೆಯ ಚಿತ್ರವನ್ನು ಹಿಡಿದು ನಿಮಗೆ ಕಳಿಸುವುದು ಅದೇ. ಶುರುವಿನಲ್ಲಿ ಚಿತ್ರ ಬಂತು ಎಂದ ಮೇಲೆ ಆ ಚಿಪ್ಪಿಗೆ ಕೆಲಸ ಗೊತ್ತಿದೆ ಎಂದಾಯಿತು. ಆಮೇಲೆ ನಿಲ್ಲುವುದು ಫರ್ಮ್‌ವೇರಿನ, ಅಂದರೆ ಆ ಚಿಪ್ಪನ್ನು ನಡೆಸುವ ತಂತ್ರಾಂಶದ, ಒಂದು ತಪಾಸಣೆಯಿಂದ: ಪರವಾನಗಿಯ ಕೀ ಇದೆಯೇ, ಇಲ್ಲವೇ. ಇದ್ದರೆ ಮುಂದುವರಿಯುತ್ತದೆ. ಹೊಸ ಬಿಡಿಭಾಗ ಯಾವುದೂ ಬರುವುದಿಲ್ಲ, ಇಮೇಲಿನಲ್ಲಿ ಅಕ್ಷರಗಳ ಒಂದು ಸರಮಾಲೆ ಬರುತ್ತದೆ, ಅಷ್ಟೇ.

ಯಂತ್ರದೊಳಗೆ ಮೊದಲೇ ಇರುವುದಕ್ಕೆ ಬೀಗ ಹಾಕಿ ಕೀ ಮಾರುವ ಈ ಪದ್ಧತಿ ಜನರ ಕಣ್ಣಿಗೆ ಥಟ್ಟನೆ ಹೊಡೆದದ್ದು 2010ರಲ್ಲಿ. ಇಂಟೆಲ್ ಕಂಪನಿ ಪೆಂಟಿಯಂ ಜಿ6951 ಎಂಬ ಪ್ರೊಸೆಸರ್ ಇರುವ ಕಂಪ್ಯೂಟರುಗಳ ಜೊತೆಗೆ, ಅಂಗಡಿಯಲ್ಲಿ 50 ಡಾಲರಿನ ಒಂದು ಕಾರ್ಡನ್ನೂ ಮಾರಾಟಕ್ಕಿಟ್ಟಿತು. ಕಾರ್ಡಿನಲ್ಲಿದ್ದ ಸಂಕೇತವನ್ನು ಒಂದು ತಂತ್ರಾಂಶಕ್ಕೆ ಊಡಿಸಿ ಯಂತ್ರವನ್ನು ಮರುಚಾಲನೆ ಮಾಡಿದರೆ, ಅದೇ ಪ್ರೊಸೆಸರಿನಲ್ಲಿ ಹೈಪರ್‌ಥ್ರೆಡಿಂಗ್ (ಒಂದೇ ಕೋರಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಸುವ ಸೌಲಭ್ಯ) ತೆರೆದುಕೊಳ್ಳುತ್ತಿತ್ತು, 3 ಎಂಬಿ ಇದ್ದ ಕ್ಯಾಶ್, ಅಂದರೆ ಚಿಪ್ಪಿನೊಳಗಿನ ವೇಗದ ಸ್ಮರಣೆ, 4 ಎಂಬಿ ಆಗುತ್ತಿತ್ತು. ಕೊಂಡವನ ಮೇಜಿನ ಮೇಲೆಯೇ ಇದ್ದ ಸಿಲಿಕಾನ್ ಅದು! 2011ರಲ್ಲಿ ಇನ್ನಷ್ಟು ಮಾದರಿಗಳಿಗೆ ವಿಸ್ತರಿಸಿದರು, ಅದೇ ವರ್ಷ ನಿಲ್ಲಿಸಿದರು. ಆದರೆ 2023ರ ಜನವರಿಯಲ್ಲಿ ನಾಲ್ಕನೆಯ ತಲೆಮಾರಿನ ಝಿಯಾನ್ ಸರ್ವರ್ ಪ್ರೊಸೆಸರುಗಳ ಜೊತೆ ಅದೇ ವಿಚಾರ ಇಂಟೆಲ್ ಆನ್ ಡಿಮ್ಯಾಂಡ್ ಎಂಬ ಹೆಸರಿನಲ್ಲಿ ಮರಳಿತು. ಗೂಢಲಿಪಿ, ದತ್ತಾಂಶ ಸಂಕೋಚನದಂಥ ಕೆಲಸಗಳ ವೇಗವರ್ಧಕಗಳನ್ನು ಹಣ ಕೊಟ್ಟು ತೆರೆಸಿಕೊಳ್ಳುವ ವ್ಯವಸ್ಥೆ. ಮನೆಯ ಗ್ರಾಹಕ ಒಪ್ಪದ್ದನ್ನು ದೊಡ್ಡ ಡೇಟಾ ಸೆಂಟರುಗಳ ಮುಂದಿಟ್ಟರು. ಅಲ್ಲಿ ಇದು ಹಳೆಯ ರೂಢಿ: ಐಬಿಎಂನ ಮೇನ್‌ಫ್ರೇಮ್ ಎಂಬ ಭಾರೀ ಕಂಪ್ಯೂಟರುಗಳಲ್ಲಿ ಗ್ರಾಹಕ ಹಣ ಕೊಟ್ಟದ್ದಕ್ಕಿಂತ ಹೆಚ್ಚು ಪ್ರೊಸೆಸರುಗಳು ಮೊದಲೇ ಕುಳಿತಿರುತ್ತವೆ, ಬೇಕಾದಾಗ ಪರವಾನಗಿ ಕೊಂಡು ಎಬ್ಬಿಸುತ್ತಾರೆ. ಆ ಗ್ರಾಹಕನಿಗೆ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಎಲ್ಲ ಗೊತ್ತಿರುತ್ತದೆ. ನಿಮಗೆ ಯಾರೂ ಹೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಇನ್ನೂ ಹಿಂದಿನ ಒಂದು ಕಥೆ ಹೇಳದೆ ಇರಲಾರೆ. 1991ರಲ್ಲಿ ಬಂದ ಇಂಟೆಲ್‌ನ 486ಎಸ್‌ಎಕ್ಸ್ ಪ್ರೊಸೆಸರಿನಲ್ಲಿ ದಶಮಾಂಶ ಲೆಕ್ಕದ ಘಟಕ ಕೆಲಸ ಮಾಡುತ್ತಿರಲಿಲ್ಲ. ಮೊದಮೊದಲ ಚಿಪ್ಪುಗಳಲ್ಲಿ ಆ ಘಟಕ ಒಳಗೇ ಇದ್ದು, ಅದನ್ನು ನಿಷ್ಕ್ರಿಯಗೊಳಿಸಲಾಗಿತ್ತು. ಬೇಕಾದವರು 487ಎಸ್‌ಎಕ್ಸ್ ಎಂಬ ‘ಸಹಾಯಕ’ ಚಿಪ್ ಕೊಳ್ಳಬೇಕಿತ್ತು. ನಿಜದಲ್ಲಿ ಅದು ಆ ಘಟಕವೂ ಕೆಲಸ ಮಾಡುವ ಪೂರ್ಣ ಪ್ರಮಾಣದ ಪ್ರೊಸೆಸರ್, 486ಡಿಎಕ್ಸ್. ಬೋರ್ಡಿನಲ್ಲಿ ಕೂರಿಸಿದೊಡನೆ ಮೊದಲಿನ ಚಿಪ್ಪನ್ನು ಸುಮ್ಮನಾಗಿಸಿ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು.

ಮುಚ್ಚಿಟ್ಟದ್ದೆಲ್ಲ ಮೋಸ ಎನ್ನುವಂತೆಯೂ ಇಲ್ಲ. ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ) ಇರುವ ಚಿಪ್ಪಿನಲ್ಲಿ ಒಂದು ಕೆಟ್ಟಿದ್ದರೆ, ಅದನ್ನು ಮುಚ್ಚಿ ಮೂರು ಕೋರಿನದೆಂದು ಅಗ್ಗಕ್ಕೆ ಮಾರುವುದು ಎಲ್ಲರಿಗೂ ಲಾಭ. ಎಎಂಡಿ ಕಂಪನಿಯ ಮೂರು ಕೋರಿನ ಫೆನಮ್ 2 ಎಕ್ಸ್3 ಕೊಂಡು ನಾಲ್ಕನೆಯ ಕೋರನ್ನು ಎಬ್ಬಿಸಿಕೊಂಡವರಲ್ಲಿ ಕೆಲವರ ಯಂತ್ರ ಸೊಗಸಾಗಿ ಓಡಿತು, ಕೆಲವರದು ಮತ್ತೆ ಮತ್ತೆ ಕುಸಿಯಿತು.

ನನ್ನ ಮಟ್ಟಿಗೆ ಮರ್ಯಾದೆಯ ವ್ಯವಹಾರ ಎಂದರೆ 2012ರಲ್ಲಿ ರಾಸ್‌ಬೆರಿ ಪೈ ಮಾಡಿದ್ದು. ಒಂದೇ ಬೋರ್ಡಿನ, 35 ಡಾಲರಿನ ಪುಟ್ಟ ಕಂಪ್ಯೂಟರ್ ಅದು. ಡಿವಿಡಿಗಳಲ್ಲಿರುವ ಎಂಪೆಗ್-2 ವಿಡಿಯೊ ಬಿಡಿಸುವ ಶಕ್ತಿ ಅದರ ಚಿಪ್ಪಿನಲ್ಲಿತ್ತು, ಆದರೆ ಆ ತಂತ್ರಜ್ಞಾನದ ಪೇಟೆಂಟ್‌ದಾರರಿಗೆ ಪ್ರತಿ ಬೋರ್ಡಿಗೂ ಶುಲ್ಕ ಕಟ್ಟಬೇಕಿತ್ತು. ಡಿವಿಡಿ ನೋಡದವರ ತಲೆಗೂ ಅದನ್ನು ಕಟ್ಟುವುದೇಕೆಂದು, ಬೇಕಾದವರಿಗೆ ಮಾತ್ರ 2.40 ಪೌಂಡಿಗೆ ಕೀ ಮಾರಿದರು. ಬೋರ್ಡಿನ ಕ್ರಮಸಂಖ್ಯೆಗೆ ಹೊಂದುವ ಕೀ. ಸಂರಚನೆಯ ಕಡತದಲ್ಲಿ ಒಂದೇ ಒಂದು ಸಾಲು. ಬರೆದಿಟ್ಟರೆ ಮುಗಿಯಿತು. ಅಂತರ್ಜಾಲ ಇಲ್ಲದಿದ್ದರೂ, ಬೋರ್ಡನ್ನು ಇನ್ನೊಬ್ಬರಿಗೆ ಮಾರಿದರೂ ಅದು ಕೆಲಸ ಮಾಡುತ್ತದೆ.

ಇದರ ತದ್ವಿರುದ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ನೋಡಿಕೊಳ್ಳುವ ಒಂದು ಕಚೇರಿಯವರು ಸೆಕೆಂಡ್‌ಹ್ಯಾಂಡ್ ಸ್ಟೋರೇಜ್ ಸ್ವಿಚ್ (ಸರ್ವರ್‌ಗಳನ್ನು ದತ್ತಾಂಶ ಸಂಗ್ರಹಕ್ಕೆ ಜೋಡಿಸುವ ಸಾಧನ) ತಂದರು. 24 ಪೋರ್ಟು, ಪರವಾನಗಿ ಇದ್ದದ್ದು 12ಕ್ಕೆ. ಉಳಿದದ್ದಕ್ಕೆ ಹಣ ಕೊಡಲು ಅವರು ಸಿದ್ಧರಿದ್ದರು. ತಯಾರಕರು ಆ ಮಾದರಿಗೆ ಕೀ ಕೊಡುವುದನ್ನೇ ನಿಲ್ಲಿಸಿದ್ದರು. ಆ 12 ಪೋರ್ಟುಗಳು ಧೂಳಿನ ಮುಚ್ಚಳ ಹಾಕಿಕೊಂಡು ಹಾಗೆಯೇ ಕುಳಿತಿವೆ, ಒಂದೂ ಕೆಟ್ಟಿಲ್ಲ. ಇಂಥದ್ದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ದುಡ್ಡಿನ ಮಾತು ಹಾಗಿರಲಿ, ಅಷ್ಟು ಲೋಹ, ಅಷ್ಟು ಶ್ರಮ ದಂಡವಾಯಿತಲ್ಲ.

ಈಗ ನಿಮ್ಮ ಸರ್ವರ್. ಹಣ ಕೊಡುವ ಮುಂಚೆ ತಯಾರಕರ ಪ್ರಾಯೋಗಿಕ ಪರವಾನಗಿ ಸಿಗುತ್ತದೆಯೇ ನೋಡಿ, ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕೊಡುತ್ತವೆ. ಅಷ್ಟರಲ್ಲಿ ನಿಮಗೆ ಕನ್ಸೋಲ್ ನಿಜಕ್ಕೂ ಎಷ್ಟು ಬೇಕಾಗುತ್ತದೆ ಎಂಬುದು ತಿಳಿಯುತ್ತದೆ. ಲಿನಕ್ಸ್ ಸರ್ವರಾದರೆ ಬೇಡದೆಯೂ ಇರಬಹುದು: ಐಪಿಎಂಐ, ಅಂದರೆ ಬಿಎಂಸಿಯ ಜೊತೆ ಮಾತಾಡುವ ಸಾಮಾನ್ಯ ವಿಧಾನ, ಅದರ ಮೂಲಕ ಸಿಗುವ ಸೀರಿಯಲ್ ಕನ್ಸೋಲ್ ಹಲವು ಸರ್ವರ್‌ಗಳಲ್ಲಿ ಮೂಲ ಪರವಾನಗಿಯಲ್ಲೇ ಇರುತ್ತದೆ. ಅಕ್ಷರಗಳಷ್ಟೇ ಕಾಣುತ್ತವೆ, ಆದರೆ ಬೂಟ್ ಆಗದ ಯಂತ್ರವನ್ನು ಸರಿಪಡಿಸಲು ಅಷ್ಟು ಸಾಕು. ವಿಂಡೋಸ್ ಆದರೆ ರಾಸ್‌ಬೆರಿ ಪೈಯಿಂದಲೇ ಕಟ್ಟುವ ಪೈಕೆವಿಎಂ ಎಂಬ ಸಾಧನವಿದೆ, ಸರ್ವರಿನ ಪರದೆಯ ಚಿತ್ರವನ್ನು ಅದು ಹಿಡಿದು ದೂರಕ್ಕೆ ಕಳಿಸುತ್ತದೆ. ಸರ್ವರಿನಲ್ಲಿ ವಿಜಿಎ ಎಂಬ ಹಳೆಯ ಬಗೆಯ ಪರದೆ ಪೋರ್ಟು ಮಾತ್ರ ಇದ್ದರೆ, ಅದನ್ನು ಎಚ್‌ಡಿಎಂಐಗೆ ಬದಲಿಸುವ ಪರಿವರ್ತಕವೂ ಬೇಕು. ಅಂತರ್ಜಾಲದಲ್ಲಿ ಹರಿದಾಡುವ ಕದ್ದ ಕೀಗಳನ್ನು ಮಾತ್ರ ಕಚೇರಿಯ ಯಂತ್ರಕ್ಕೆ ಹಾಕಬೇಡಿ.

ಕೊಳ್ಳುವುದೇ ಆದರೆ ಮಾರಾಟಗಾರರಿಂದ ಬರಹದಲ್ಲಿ ಪಡೆಯಿರಿ: ಪರವಾನಗಿ ಶಾಶ್ವತವೇ, ಮದರ್‌ಬೋರ್ಡ್ ಬದಲಾದರೆ ಹೊಸ ಬೋರ್ಡಿಗೆ ವರ್ಗಾಯಿಸುತ್ತಾರೆಯೇ, ಯಂತ್ರ ಮಾರಿದರೆ ಕೀ ಜೊತೆಗೆ ಹೋಗುತ್ತದೆಯೇ. ಕೀಯ ಪ್ರತಿಯನ್ನು ಸರ್ವರಿನ ಹೊರಗೆ ಎಲ್ಲಾದರೂ ಇಡಿ. ಮುಂದಿನ ಸರ್ವರಿಗೆ ಕೊಟೇಷನ್ ಕೇಳುವಾಗಲೇ ಈ ಪರವಾನಗಿಯ ಸಾಲನ್ನು ಸೇರಿಸಿ. ಯಂತ್ರದ ವ್ಯಾಪಾರ ಕುದುರುವ ಮುನ್ನ ಚೌಕಾಸಿಗೆ ಅವಕಾಶವಿರುತ್ತದೆ.

ಸರ್ವರಿನ ಮಾದರಿ ಮತ್ತು ಆಪರೇಟಿಂಗ್ ಸಿಸ್ಟಂ ಯಾವುದೆಂದು ತಿಳಿಸಿದರೆ ಸೀರಿಯಲ್ ಕನ್ಸೋಲ್ ಹೊಂದಿಸುವ ಕ್ರಮವನ್ನೂ ಇಲ್ಲೇ ಬರೆಯುತ್ತೇನೆ.