ಫಾರ್ಮ್ಯಾಟ್ ಮಾಡಿಸುವ ಮುಂಚೆ ನನ್ನನ್ನು ಕೇಳಿ

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಅಂದಿನಿಂದ ಕಂಪ್ಯೂಟರ್ ಶುರುವಾಗುತ್ತಿಲ್ಲ. ರಿಪೇರಿಗೆ ತಯಾರಾಗುತ್ತಿದೆ ಎಂದು ತೋರಿಸಿ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಹತ್ತು ವರ್ಷದ ಫೋಟೊಗಳು ಅದರಲ್ಲೇ ಇವೆ. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿಯಿಲ್ಲ ಎಂದು ರಿಪೇರಿಯವರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಎಷ್ಟೋ ಸಲ ಫಾರ್ಮ್ಯಾಟ್ ಮುಗಿದ ಮೇಲೆ ಬರುತ್ತದೆ. ನನಗೆ ಸಿಟ್ಟು ಬರುವುದೇ ಆಗ. ಕೆಟ್ಟಿರುವುದು ವಿಂಡೋಸ್‌ನ ಕೆಲವು ಫೈಲ್‌ಗಳು. ನಿಮ್ಮ ಫೋಟೊಗಳು ಬೇರೆ ಫೋಲ್ಡರ್‌ನಲ್ಲಿ ಬಹುತೇಕ ಹಾಗೇ ಇರುತ್ತವೆ. ಅದನ್ನು ನೋಡದೆ ಎಲ್ಲವನ್ನೂ ಅಳಿಸಿಹಾಕುವುದಕ್ಕೆ ರಿಪೇರಿ ಅನ್ನಬಾರದು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಉಳಿಸುವ ಡಿಸ್ಕ್) ಇದ್ದರಂತೂ, ಅಳಿಸಿದ ಜಾಗವನ್ನು ಖಾಲಿ ಮಾಡಿಬಿಡುವ ಟ್ರಿಮ್ ವ್ಯವಸ್ಥೆಯಿಂದಾಗಿ, ಫಾರ್ಮ್ಯಾಟ್ ಆದದ್ದು ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ.

ಮೊದಲು ಕಾಪಿ, ಆಮೇಲೆ ರಿಪೇರಿ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಈಗಲೇ ಆಫ್ ಮಾಡಿ ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ. ಸದ್ದಿಲ್ಲದಿದ್ದರೆ, ವಿಂಡೋಸ್ ಶುರುವಾಗದಿದ್ದಾಗ ಬರುವ ರಿಕವರಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ. ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ಹೌದು, ಅದೇ ನೋಟ್‌ಪ್ಯಾಡ್. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಆ ಚಿಕ್ಕ ಕಿಟಕಿಯಲ್ಲೇ, ಸಾಮಾನ್ಯವಾಗಿ ನಿಮ್ಮ ಫೋಟೊಗಳಿರುವ ಯೂಸರ್ಸ್ ಫೋಲ್ಡರ್ ಸಿಗುತ್ತದೆ. ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಹೊರಗಿನ ಡ್ರೈವ್‌ಗೆ ಪೇಸ್ಟ್ ಮಾಡಿ. ಎಷ್ಟಾಯಿತು ಎಂದು ಅದು ತೋರಿಸದಿರಬಹುದು. ನಿಂತೇಹೋಯಿತು ಅಂದುಕೊಂಡು ಆಫ್ ಮಾಡಬೇಡಿ, ಸುಮ್ನೆ ಕಾಯಿರಿ.

ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಗಾಬರಿ ಬೇಡ. ಅದು 48 ಅಂಕಿಗಳ ಸಂಖ್ಯೆ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಕೀ ಇಲ್ಲದೆ ತೆಗೆದುಕೊಡುತ್ತೇನೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಈಗ ರಿಪೇರಿ. ನಿಮ್ಮದು ಅಪ್‌ಡೇಟ್ ನಡುವೆ ನಿಂತದ್ದು, ಅಲ್ವಾ? ಹಾಗಾದರೆ ಅಡ್ವಾನ್ಸ್ಡ್ ಆಪ್ಷನ್ಸ್ ಪಟ್ಟಿಯಲ್ಲಿರುವ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಮೊದಲು. ಆಗದಿದ್ದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಂ ರಿಸ್ಟೋರ್. ಅದೂ ಆಗದಿದ್ದರೆ, ಕೆಟ್ಟ ವಿಂಡೋಸ್ ಫೈಲ್‌ಗಳನ್ನು ಹುಡುಕಿ ಸರಿಮಾಡುವ ಎಸ್‌ಎಫ್‌ಸಿ ಕಮಾಂಡ್. ಎಲ್ಲರೂ ಎಡವುವುದು ಇಲ್ಲೇ. ರಿಕವರಿ ಪರದೆಯಲ್ಲಿ ಬರೀ ಸ್ಕ್ಯಾನ್‌ನೌ ಎಂದು ಕೊಟ್ಟರೆ ಅದು ನಿಮ್ಮ ವಿಂಡೋಸನ್ನು ನೋಡುವುದೇ ಇಲ್ಲ. ಆಫ್‌ಬೂಟ್‌ಡಿಐಆರ್, ಆಫ್‌ವಿನ್‌ಡಿಐಆರ್ ಎಂಬ ಎರಡನ್ನೂ ಸೇರಿಸಿ, ವಿಂಡೋಸ್ ಎಲ್ಲಿದೆ ಎಂದು ಹೇಳಬೇಕು. ಇಲ್ಲಿ ಸಿ ಡ್ರೈವ್ ಡಿ ಆಗಿರಬಹುದು, ಇ ಆಗಿರಬಹುದು. ಡಿಐಆರ್ ಕಮಾಂಡ್ ಕೊಟ್ಟು ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಎಂದು ನೋಡಿಕೊಳ್ಳಿ.

ಚೆಕ್‌ಡಿಸ್ಕ್ ಓಡಿಸಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಕಾಪಿ ಮುಗಿಯದೆ ನಾನು ಅದನ್ನು ಮುಟ್ಟುವುದಿಲ್ಲ. ಅದು ಡಿಸ್ಕಿನ ಲೆಕ್ಕ ಸರಿಮಾಡುವ ಕೆಲಸದ್ದು, ನಿಮ್ಮ ಫೋಟೊ ಕಾಪಾಡುವ ಕೆಲಸದ್ದಲ್ಲ. ಸೊರಗಿದ ಡಿಸ್ಕಿನ ಮೇಲೆ ಓಡಿಸಿ, ಅರ್ಧದಲ್ಲೇ ಡಿಸ್ಕ್ ಪೂರ್ತಿ ಕೈಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಇದ್ಯಾವುದೂ ಆಗದಿದ್ದರೆ ರೀಸೆಟ್ ದಿಸ್ ಪಿಸಿ, ಅದರಲ್ಲಿ ಕೀಪ್ ಮೈ ಫೈಲ್ಸ್. ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ಫೈಲ್‌ಗಳು ಉಳಿಯುತ್ತವೆ. ಆದರೂ ಕಾಪಿ ಇಲ್ಲದೆ ಆ ಬಟನ್ ಒತ್ತಬೇಡಿ.

ಪ್ರಶ್ನೆ: ಕೆಟ್ಟ ಹಾರ್ಡ್ ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದಂತೆ?

ಉತ್ತರ: ಇಲ್ಲ. ಒಳಗೆ ತೇವ ಕೂತು ಉಳಿದದ್ದೂ ಹೋಗಬಹುದು.

ಪ್ರಶ್ನೆ: ಒಂದು ಡಿಎಲ್‌ಎಲ್ ಫೈಲ್ (ಪ್ರೋಗ್ರಾಂಗಳು ಬಳಸುವ ಸಹಾಯಕ ಫೈಲ್) ಇಲ್ಲ ಎಂದು ಬರುತ್ತಿದೆ. ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲೇ?

ಉತ್ತರ: ಬೇಡವೇ ಬೇಡ. ಯಾರೋ ಇಟ್ಟ ಫೈಲಿನಲ್ಲಿ ಏನಿದೆಯೋ ಗೊತ್ತಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ಗಳ ಪಟ್ಟಿಯನ್ನು ಸ್ವಚ್ಛ ಮಾಡುತ್ತೇವೆ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳಿಗೂ ಇದೇ ಮಾತು.

ಪ್ರಶ್ನೆ: ಎಲ್ಲಾ ಸರಿಯಾಗಿತ್ತು, ಎರಡೇ ವಾರದಲ್ಲಿ ಮತ್ತೆ ಫೈಲ್‌ಗಳು ಕೆಟ್ಟವು. ಮತ್ತೆ ವಿಂಡೋಸ್ ಹಾಕಿಸಲೇ?

ಉತ್ತರ: ಹಾಕಿಸಬೇಡಿ. ಈ ಸಲ ನನ್ನ ಅನುಮಾನ ರ‍್ಯಾಮ್ ಅಥವಾ ಡಿಸ್ಕಿನ ಮೇಲೆ. ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿ. ತಪ್ಪು ತೋರಿಸಿದ ಭಾಗವನ್ನು ಬದಲಿಸಿ.